48 ಅಂಕಿ, ಒಂದು ಮಳೆಗಾಲ

ಅಂಗಡಿಯ ಹುಡುಗ ನನ್ನ ಪಾಸ್‌ವರ್ಡ್ ಕೇಳಲೇ ಇಲ್ಲ. ನಾನೇ ಹೇಳಲು ಹೋದೆ. "ಬೇಡ ಮೇಡಂ, ಅದಿಲ್ಲದೆಯೂ ಆಗ್ತದೆ" ಅಂದ. ಲ್ಯಾಪ್‌ಟಾಪ್ ಮಗುಚಿ ಸ್ಕ್ರೂ ಬಿಚ್ಚಿದ, ಹಾರ್ಡ್ ಡಿಸ್ಕ್ ಹೊರಗೆಳೆದ, ಸಾಬೂನು ಡಬ್ಬಿಯಂಥ ಒಂದು ಕೇಸಿನೊಳಗೆ ಕೂರಿಸಿ ವೈರನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯಲ್ಲಿ ನನ್ನ ಹೆಸರಿನ ಫೋಲ್ಡರ್ ಬಂತು. ಒತ್ತಿದಾಗ 'ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ' ಎಂದು ಒಂದು ಚೌಕ ಎದ್ದಿತು. ಅದರ ಕೆಳಗೇ 'ಮುಂದುವರಿಸಿ' ಎಂಬ ಬಟನ್ನೂ ಇತ್ತು. ಹುಡುಗ ಅದನ್ನು ಒತ್ತಿದ. ಅಷ್ಟೇ.

"ನೋಡಿ ಮೇಡಂ, ಎಲ್ಲ ಉಂಟು. ಹೆದರಬೇಡಿ" ಅಂತ ಅವನು ನನಗೆ ಧೈರ್ಯ ಹೇಳುತ್ತಿದ್ದ. ನಾನು ಹೆದರಿದ್ದು ಅದೇ ಗಳಿಗೆಯಲ್ಲಿ. ಪರದೆ ತುಂಬ ಆಧಾರ್ ಕಾರ್ಡ್‌ಗಳು. ಬೆಂಗಳೂರಿನ ದಂಪತಿ, ಕೇರಳದ ಕಾಲೇಜು ಹುಡುಗರು, ಜರ್ಮನಿಯ ಒಬ್ಬ ಅಜ್ಜನ ಪಾಸ್‌ಪೋರ್ಟ್. ಹುಡುಗ ಪಾಪ ಒಳ್ಳೆಯವನು, ಅತ್ತ ಕಣ್ಣು ಕೂಡ ಹಾಯಿಸಲಿಲ್ಲ, ಮದರ್‌ಬೋರ್ಡ್ ಸರಿಮಾಡಿ ಮೂರು ದಿನಕ್ಕೆ ವಾಪಸ್ ಕೊಟ್ಟ. ಆದರೆ ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಹೊಡೆಯುತ್ತಿದ್ದ ಆ ಪಾಸ್‌ವರ್ಡ್ ಏನು ಕಾಯುತ್ತಿತ್ತು ಎಂದು ಮಡಿಕೇರಿಯಿಂದ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಲೇ ಬಂದೆ. ಎದುರು ಬಾಗಿಲಿಗೆ ಚಿಲಕ ಹಾಕಿ ಹಿತ್ತಲ ಗೋಡೆಯನ್ನೇ ಕಟ್ಟದೆ ಬಿಟ್ಟ ಮನೆ ನಮ್ಮದು.

ನಮ್ಮ ಮನೆ ಇರುವುದು ಮಾದಾಪುರದಿಂದ ಒಳಗೆ. ಸ್ವಲ್ಪ ರೊಬಸ್ಟಾ, ಸ್ವಲ್ಪ ಅರೇಬಿಕಾ, ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು, ಜೊತೆಗೆ ನಾಲ್ಕು ಕೋಣೆಯ ಹೋಂಸ್ಟೇ. ಕೋಟೆಬೆಟ್ಟ ಹತ್ತಲು ಬರುವವರೇ ಹೆಚ್ಚು. ಬಂದವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುತ್ತೇವೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು, ಅದಕ್ಕೆ ಪಾಸ್‌ಪೋರ್ಟ್, ವೀಸಾ ಪುಟಗಳ ಫೋಟೋ. ತೋಟದ ಲೈನ್‌ಮನೆಯಲ್ಲಿರುವ ಅಸ್ಸಾಂ ಕಡೆಯ ಕೆಲಸಗಾರರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇರೆ. ಇವೆಲ್ಲದರ ಮೇಲೆ ನಮ್ಮ ಮನೆಯ ಪಹಣಿ, ಕ್ರಯಪತ್ರ.

ಪಹಣಿ ಕಂಪ್ಯೂಟರಿಗೆ ಹೋದದ್ದಕ್ಕೆ ಒಂದು ಕಾರಣ ಉಂಟು. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಜರಿದದ್ದು ನಿಮಗೆ ನೆನಪಿರಬಹುದು. ಅಧಿಕಾರಿಗಳು ಬಂದು ಮನೆ ಬಿಡಿ ಅಂದಾಗ ಮಾವ ಮೊದಲು ಕೈಗೆತ್ತಿಕೊಂಡದ್ದು ಬೀರುವಿನಲ್ಲಿದ್ದ ಕಾಗದದ ಕಟ್ಟು. ಬಟ್ಟೆಯಲ್ಲ, ಚಿನ್ನವಲ್ಲ. ಮನೆಗೇನೂ ಆಗಲಿಲ್ಲ, ಪುಣ್ಯ. ಆದರೆ ಆ ವರ್ಷ ಕಾಫಿ ಕೊಯ್ಲು ಮುಗಿದದ್ದೇ ತಡ, ಮನೆಯಲ್ಲಿದ್ದ ಪ್ರತಿ ಕಾಗದವನ್ನೂ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪ್‌ಗೆ ಹಾಕಿದೆ. ಮಣ್ಣಿಗೆ ಹೆದರಿ ಮಾಡಿದ ಕೆಲಸ ಅದು. ಲ್ಯಾಪ್‌ಟಾಪ್‌ನ ಹಿಂಭಾಗದ ಆರು ಸ್ಕ್ರೂ ಬಗ್ಗೆ ಆಗ ಯೋಚನೆ ಬರಲಿಲ್ಲ.

ಹುತ್ತರಿಗೆ ತಂಗಿಯ ಮಗ ಬೆಂಗಳೂರಿನಿಂದ ಬಂದ. ಕಂಪ್ಯೂಟರ್ ಕೆಲಸದವನು. ಅಂಗಡಿಯ ಕತೆ ಹೇಳಿದೆ. "ದೊಡ್ಡಮ್ಮ, ವಿಂಡೋಸ್ ಪಾಸ್‌ವರ್ಡ್ ಅಂದ್ರೆ ವಾಚ್‌ಮನ್ ಇದ್ದ ಹಾಗೆ. ಗೇಟಲ್ಲಿ ನಿಂತಿರ್ತಾನೆ. ಡಿಸ್ಕನ್ನೇ ಬೇರೆ ಮನೆಗೆ ಹೊತ್ತುಕೊಂಡು ಹೋದ್ರೆ ಅಲ್ಲಿ ವಾಚ್‌ಮನ್ ಇಲ್ಲವಲ್ಲ. ಎನ್‌ಕ್ರಿಪ್ಟ್ ಮಾಡ್ಬೇಕು" ಅಂದ. ಪತ್ರಿಕೆಗಳಲ್ಲಿ ಇದಕ್ಕೆ ಗೂಢಲಿಪೀಕರಣ ಅಂತ ಬರೆಯುತ್ತಾರೆ. ಆ ಪದ ಹೇಳಿ ಮುಗಿಸುವಷ್ಟರಲ್ಲಿ ಕಡುಬು ಬೆಂದಿರುತ್ತದೆ, ಹಾಗಾಗಿ ನಾನು ಎನ್‌ಕ್ರಿಪ್ಟ್ ಎಂದೇ ಬರೆಯುತ್ತೇನೆ.

ವಿಷಯ ಇಷ್ಟು: ಡಿಸ್ಕಿನಲ್ಲಿರುವ ಅಕ್ಷರ, ಚಿತ್ರ, ಎಲ್ಲವನ್ನೂ ಒಂದು ದೊಡ್ಡ ಸಂಖ್ಯೆ ಬಳಸಿ ಕಲಸಿಬಿಡುವುದು. ಅದೇ ಸಂಖ್ಯೆ ಇದ್ದವರಿಗೆ ಮಾತ್ರ ಮತ್ತೆ ಬಿಡಿಸಲು ಆಗುತ್ತದೆ. ಉಳಿದವರಿಗೆ ಅದು ಬರೀ ಕಸ. ಆ ಸಂಖ್ಯೆಗೆ ಕೀಲಿ ಅನ್ನುತ್ತಾರೆ. ಈಗ ಹೆಚ್ಚಿನ ಕಡೆ ಬಳಕೆಯಲ್ಲಿರುವ ಎಇಎಸ್ ಎಂಬ ಕಲಸುವ ವಿಧಾನವನ್ನು ಮಾಡಿದ್ದು ಬೆಲ್ಜಿಯಂನ ಇಬ್ಬರು, ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್. ಅಮೆರಿಕ ಸರ್ಕಾರ ಸ್ಪರ್ಧೆ ಇಟ್ಟು ಆರಿಸಿ 2001ರಲ್ಲಿ ಅದನ್ನು ಮಾನಕ ಮಾಡಿತು. ಕಲಸುವ ಪ್ರತಿ ಹೆಜ್ಜೆಯೂ ಬಹಿರಂಗ, ಯಾರು ಬೇಕಾದರೂ ಓದಬಹುದು.

"ಎಲ್ಲರಿಗೂ ಗೊತ್ತಿದ್ದರೆ ಗುಟ್ಟು ಎಲ್ಲಿ ಬಂತು?" ಅಂತ ನಾನು ಕೇಳಿದೆ. ಕೇಳಿದ ಕೂಡಲೇ ಉತ್ತರ ನನಗೇ ಹೊಳೆಯಿತು. ನನ್ನ ತವರು ಶನಿವಾರಸಂತೆ ಕಡೆ. ಸಣ್ಣವಳಿದ್ದಾಗ ಅಪ್ಪನ ಜೊತೆ ದನದ ಜಾತ್ರೆಗೆ ಹೋಗುತ್ತಿದ್ದೆ. ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು ದರ ಹೇಳುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಎಷ್ಟು ಎಂಬ ಲೆಕ್ಕ ಜಾತ್ರೆಗೆಲ್ಲ ಗೊತ್ತು. ಗುಟ್ಟು ಇರುವುದು ಟವೆಲಿನಲ್ಲಿ. ಕೀಲಿ ಆ ಟವೆಲ್. ಇದನ್ನೇ ಕೆರ್ಕ್‌ಹಾಫ್ಸ್ ಎಂಬವರು 1883ರಲ್ಲೇ ಬರೆದಿದ್ದರಂತೆ: ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಕೀಲಿ ಒಂದನ್ನು ಕಾಪಾಡಿದರೆ ಸಾಕು. ಅಪ್ಪನ ದಲ್ಲಾಳಿ ಅದನ್ನು ಓದಿರಲಿಕ್ಕಿಲ್ಲ.

ನಾನೂ ನೀವೂ ಎನ್‌ಕ್ರಿಪ್ಟ್ ಆದ ಫೈಲನ್ನು ಮೊದಲೇ ಬಳಸಿದ್ದೇವೆ ಎಂದು ಅವನು ತೋರಿಸಿಕೊಟ್ಟ. ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಪಾಸ್‌ವರ್ಡ್ ಕೇಳುತ್ತದಲ್ಲ, ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಮುಂದೆ ಹುಟ್ಟಿದ ಇಸವಿ. ಅದೂ ಬೀಗವೇ. ಆದರೆ ಹೆಸರೂ ಇಸವಿಯೂ ಗೊತ್ತಿರುವ ನೆಂಟರ ಎದುರು ಅದು ಬೀಗವಲ್ಲ, ಬರೀ ಪರದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ವಿಂಡೋಸ್‌ನ ಹೋಂ ಆವೃತ್ತಿ. ಇಡೀ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಬೇಕಿದ್ದರೆ ಪ್ರೊ ಆವೃತ್ತಿ ಬೇಕು. ಹೊಸ ಯಂತ್ರಗಳಲ್ಲಿ ಹೋಂನಲ್ಲೂ 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಸರಳ ರೂಪ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆವು, ನನ್ನ ಹಳೆಯದರಲ್ಲಿ ಅದೂ ಇರಲಿಲ್ಲ. ಆಗಷ್ಟೇ ರಿಪೇರಿಗೆ ಸುರಿದಿದ್ದ ನಾನು ಖರ್ಚಿಲ್ಲದ ದಾರಿ ಕೇಳಿದೆ. ವೆರಾಕ್ರಿಪ್ಟ್ ಹಾಕಿಕೊಟ್ಟ. ಅದು ಉಚಿತ, ಅದರ ಒಳಗಿನ ಕೋಡ್ ಕೂಡ ಎಲ್ಲರಿಗೂ ತೆರೆದದ್ದು. ಮೊದಲು ಟ್ರೂಕ್ರಿಪ್ಟ್ ಎಂಬುದಿತ್ತು, ಅದನ್ನು ಮಾಡಿದವರು 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕೈಬಿಟ್ಟರು. ಅದರಿಂದ ಕವಲೊಡೆದು ಬೆಳೆದದ್ದು ವೆರಾಕ್ರಿಪ್ಟ್.

ಅದರಲ್ಲಿ ಒಂದು ಪೆಟ್ಟಿಗೆ ಮಾಡಿಕೊಳ್ಳಬೇಕು. ಹೊರಗಿನಿಂದ ನೋಡಿದರೆ ಒಂದೇ ದೊಡ್ಡ ಫೈಲು, ನಾನು 20 ಜಿಬಿ ಕೊಟ್ಟೆ. ಪಾಸ್‌ವರ್ಡ್ ಹೊಡೆದರೆ ಪೆನ್‌ಡ್ರೈವ್ ಚುಚ್ಚಿದ ಹಾಗೆ ಹೊಸ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಮತ್ತೆ ಕಸದ ಮೂಟೆ. ಪೆಟ್ಟಿಗೆ ಮಾಡುವಾಗ ಒಂದು ತಮಾಷೆ ನಡೆಯಿತು. ಕೀಲಿಯನ್ನು ಯಾರೂ ಊಹಿಸದ ಹಾಗೆ ಮಾಡಲು ಯಂತ್ರಕ್ಕೆ ಗೊತ್ತುಗುರಿಯಿಲ್ಲದ ಚಲನೆ ಬೇಕಂತೆ, ಹಾಗಾಗಿ ಮೌಸನ್ನು ಸುಮ್ಮನೆ ಅತ್ತಿತ್ತ ಆಡಿಸಿ ಎನ್ನುತ್ತದೆ. ಕೆಳಗಿನ ಪಟ್ಟಿ ಕೆಂಪಿನಿಂದ ಹಸಿರಾಗುವವರೆಗೆ ಆಡಿಸಬೇಕು. ನಾನು ಆಡಿಸುತ್ತಿದ್ದೆ, ಅತ್ತೆ ಬಂದು ಹಿಂದೆ ನಿಂತರು. "ಏನದು, ರಂಗೋಲಿಯಾ?" ಅಂದರು. "ಅಲ್ಲ ಅತ್ತೆ, ಕೀಲಿ ಕಡೆಯುತ್ತಿದ್ದೇನೆ" ಅಂದೆ. ಅವರು ಮಾತಾಡದೆ ಒಳಗೆ ಹೋದರು.

ಪಾಸ್‌ವರ್ಡ್ ಉದ್ದ ಇರಲಿ ಅಂದಿದ್ದ. ನಾನು ಜಾಣೆ ಎಂದುಕೊಂಡು ಕನ್ನಡದ ನಾಲ್ಕು ಪದ ಜೋಡಿಸಿದೆ, ಇಂಗ್ಲಿಷ್ ಅಕ್ಷರದಲ್ಲಿ. ಈಗ ಬದಲಾಯಿಸಿದ್ದೇನೆ, ಹೇಳಬಹುದು: ತೋಟ ಮಳೆ ಕಾಫಿ ಅಜ್ಜಿ. ಪಹಣಿ, ಕ್ರಯಪತ್ರ, ಹಳೆಯ ಪಾಸ್‌ಪೋರ್ಟ್ ಪ್ರತಿಗಳು ಎಲ್ಲ ಪೆಟ್ಟಿಗೆಗೆ ಹೋದವು, ಹೊರಗಿದ್ದವನ್ನು ಅಳಿಸಿದೆ. ಕೊಯ್ಲು ಶುರುವಾಯಿತು. ಎರಡು ತಿಂಗಳು ಕಣ, ಚೆರಿ, ಪಾರ್ಚ್‌ಮೆಂಟ್, ಮೂಟೆ ಲೆಕ್ಕ ಬಿಟ್ಟು ತಲೆಯಲ್ಲಿ ಬೇರೇನೂ ಇರಲಿಲ್ಲ. ಫೆಬ್ರುವರಿ ಕೊನೆಗೆ ಸಾಲದ ಕೆಲಸಕ್ಕೆ ಪಹಣಿ ಬೇಕಾಯಿತು. ಪೆಟ್ಟಿಗೆ ತೆರೆಯಲು ಕೂತೆ. 'ತಪ್ಪು ಪಾಸ್‌ವರ್ಡ್.'

ನಾಲ್ಕು ಪದವೂ ನೆನಪಿದೆ, ಸಾಲೂ ನೆನಪಿದೆ. ಆದರೆ ತೋಟಕ್ಕೆ ಟಿ ಮುಂದೆ ಎಚ್ ಹಾಕಿದ್ದೆನೋ ಇಲ್ಲವೋ? ಕಾಫಿಗೆ ಎ ಒಂದೋ ಎರಡೋ, ಪಿಯೋ ಎಫ್ಫೋ, ಇಲ್ಲಾ ಇಂಗ್ಲಿಷಿನವರ ಸಿ ಹಾಕಿ ಬರೆಯುವ ಕಾಫಿಯೋ? ಕನ್ನಡಕ್ಕೆ ಇಂಗ್ಲಿಷ್ ಅಕ್ಷರ ಹೊಲಿಯುವಾಗ ದಿನಕ್ಕೊಂದು ಅಳತೆ ನಮ್ಮದು. ಅದಕ್ಕೆ ಸರಿಯಾಗಿ ವೆರಾಕ್ರಿಪ್ಟ್ ಒಂದೊಂದು ಪ್ರಯತ್ನಕ್ಕೂ ನಿಧಾನ ಮಾಡುತ್ತದೆ. ಪಾಸ್‌ವರ್ಡ್‌ನಿಂದ ಕೀಲಿ ತೆಗೆಯಲು ಒಂದೇ ಲೆಕ್ಕವನ್ನು 5 ಲಕ್ಷ ಸಲ ಮಾಡುತ್ತದಂತೆ, ಕಳ್ಳ ಸರಸರನೆ ಊಹಿಸಬಾರದೆಂದು. ಆ ಹೊತ್ತಿಗೆ ಕಳ್ಳಿ ನಾನೇ ಆಗಿದ್ದೆ.

ಹಾಳೆ ತೆಗೆದುಕೊಂಡು ಪಟ್ಟಿ ಮಾಡಿದೆ. ತೋಟಕ್ಕೆ ಮೂರು ಕಾಗುಣಿತ, ಮಳೆಗೆ ಮೂರು, ಕಾಫಿಗೆ ಐದು, ಅಜ್ಜಿಗೆ ಎರಡು. ಗುಣಿಸಿದರೆ 90. ಮೂರು ರಾತ್ರಿ, ಊಟ ಆದಮೇಲೆ, ಒಂದೊಂದೇ ಹೊಡೆದು ಗೀಟು ಹಾಕುತ್ತಾ ಹೋದೆ. ಅರವತ್ತೊಂದನೆಯದಕ್ಕೆ ತೆರೆಯಿತು. ಮಳೆಯ 'ಳ'ಕ್ಕೆ ದೊಡ್ಡಕ್ಷರದ ಎಲ್ ಹಾಕಿದ್ದೆ, ಬರಹ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವ ಅಭ್ಯಾಸದಿಂದ.

ಆ ಮೂರು ರಾತ್ರಿಯಲ್ಲಿ ಕೀಲಿಯ ಗಾತ್ರ ಅಂದರೇನು ಎಂದು ನನಗೆ ಅರ್ಥವಾದಷ್ಟು ಯಾವ ವಿಡಿಯೋ ನೋಡಿದರೂ ಆಗುತ್ತಿರಲಿಲ್ಲ. ಪದ ಗೊತ್ತಿದ್ದ ನನಗೆ 90 ದಾರಿ. ಏನೂ ಗೊತ್ತಿಲ್ಲದೆ ನೇರ ಕೀಲಿಯನ್ನೇ ಊಹಿಸಲು ಕೂತವನಿಗೆ, 128 ಬಿಟ್‌ನ ಕೀಲಿಯಾದರೆ, ಅಂದರೆ ಸೊನ್ನೆ-ಒಂದುಗಳು 128 ಸಾಲಾಗಿ ನಿಂತದ್ದಾದರೆ, ಇರುವ ದಾರಿಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು. ಹಾಗಾಗಿ ಯಾರೂ ಕೀಲಿಯನ್ನು ಒಡೆಯಲು ಹೋಗುವುದಿಲ್ಲ, ನಮ್ಮ ಪಾಸ್‌ವರ್ಡ್ ಊಹಿಸಲು ಬರುತ್ತಾರೆ. ಮಗನ ಹೆಸರು, ಜೀಪಿನ ನಂಬರು, ಮನೆದೇವರು.

ಈಗಿನ ಪಾಸ್‌ವರ್ಡ್ ದಾಳ ಹಾಕಿ ಆರಿಸಿದ್ದು. ಹಾವು-ಏಣಿ ಆಟದ ದಾಳವನ್ನು ಐದು ಸಲ ಉರುಳಿಸಿದರೆ ಐದು ಅಂಕಿ ಸಿಗುತ್ತದೆ. 7,776 ಪದಗಳ ಒಂದು ಪಟ್ಟಿ ಉಚಿತವಾಗಿ ಸಿಗುತ್ತದೆ, ಆ ಅಂಕಿಯ ಎದುರಿಗಿರುವ ಪದ ತೆಗೆದುಕೊಳ್ಳಬೇಕು. ಆರು ಪದ ಆರಿಸಿದೆ. ಪದಗಳಿಗೂ ನನಗೂ ಯಾವ ಸಂಬಂಧವೂ ಇಲ್ಲ, ಅದೇ ಅದರ ಗುಣ. ಇಂಗ್ಲಿಷ್ ಪದಗಳಾದ್ದರಿಂದ ಕಾಗುಣಿತದ ತಕರಾರೂ ಇಲ್ಲ. ಬಾಯಿಪಾಠ ಆಗಲು ಒಂದು ವಾರ ಹಿಡಿಯಿತು, ಹಾಲು ಕಾಯಿಸುವಾಗ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ.

ಮಾರ್ಚಿನಲ್ಲಿ ಕಾಫಿ ಹಣ ಬಂತು, ಪ್ರೊ ಆವೃತ್ತಿ ತೆಗೆದುಕೊಂಡೆ. ಪೆಟ್ಟಿಗೆಯೊಳಗೆ ಹಾಕಿದ್ದು ಮಾತ್ರ ಭದ್ರ, ಹಾಕಲು ಮರೆತದ್ದು ಬಯಲಲ್ಲಿ ಎಂಬ ತಾಪತ್ರಯವೇ ಬೇಡ, ಇಡೀ ಡಿಸ್ಕಿಗೇ ಹಾಕಿಬಿಡೋಣ ಅಂತ. ಬಿಟ್‌ಲಾಕರ್ ಹಾಕುವುದು ದೊಡ್ಡ ವಿದ್ಯೆಯೇನಲ್ಲ. ಮೊದಲು ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ, ಇದನ್ನು ತಪ್ಪಿಸಬೇಡಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಚಾಲೂ ಮಾಡಿದರೆ ಒಂದೆರಡು ಪ್ರಶ್ನೆ ಕೇಳುತ್ತದೆ. 'ಬಳಸಿದ ಜಾಗ ಮಾತ್ರವೋ, ಪೂರ್ತಿ ಡ್ರೈವೋ?' ಹೊಸ ಯಂತ್ರವಾದರೆ ಮೊದಲನೆಯದು ಸಾಕು. ಹಳೆಯದಾದರೆ ಪೂರ್ತಿಯೇ ಆಗಬೇಕು. ನಾವು ಅಳಿಸಿದೆವು ಅಂದುಕೊಂಡ ಫೈಲು ಡಿಸ್ಕಿನಲ್ಲಿ ಹಾಗೇ ಬಿದ್ದಿರುತ್ತದೆ, ಅದರ ಜಾಗ ಖಾಲಿ ಎಂದು ಗುರುತು ಹಾಕಿರುತ್ತದೆ ಅಷ್ಟೆ. ನಾನು ಪೂರ್ತಿ ಎಂದು ಒತ್ತಿದೆ. ಬೆಳಿಗ್ಗೆ ಒತ್ತಿದ್ದು, ರಾತ್ರಿ ಮಲಗುವಾಗಲೂ ನಡೆಯುತ್ತಿತ್ತು. ನಡುವೆ ಕರೆಂಟು ಹೋಗಿ ಬ್ಯಾಟರಿಯೂ ಮುಗಿದು ಯಂತ್ರ ನಿಂತಿತು, ನನ್ನ ಎದೆಯೂ ನಿಂತ ಹಾಗಾಯಿತು. ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿತು. ಮುಗಿದ ಮೇಲೆ ದಿನದ ಬಳಕೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಯಂತ್ರದೊಳಗಿನ ಟಿಪಿಎಂ ಎಂಬ ಚಿಪ್ ಕೀಲಿಯನ್ನು ಇಟ್ಟುಕೊಂಡು, ಶುರುವಾಗುವಾಗ ಎಲ್ಲ ಮೊದಲಿನಂತೆಯೇ ಇದೆಯಾ ಎಂದು ನೋಡಿ ತೆರೆದುಕೊಡುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಕಡೆ ಸಿಕ್ಕಿಸಿದರೆ 'ಮುಂದುವರಿಸಿ' ಬಟನ್ ಇಲ್ಲ.

ಆದರೆ ಇನ್ನೊಂದು ಪ್ರಶ್ನೆ ಕೇಳಿತ್ತು: ರಿಕವರಿ ಕೀಲಿಯನ್ನು ಎಲ್ಲಿ ಉಳಿಸಲಿ? ಚಿಪ್ ತೆರೆದುಕೊಡದಿದ್ದಾಗ ನಾವೇ ಹೊಡೆಯಬೇಕಾದ 48 ಅಂಕಿಯ ಸಂಖ್ಯೆ ಅದು, ಆರಾರು ಅಂಕಿಯ ಎಂಟು ಗುಂಪು. ಮೈಕ್ರೋಸಾಫ್ಟ್ ಖಾತೆಯಲ್ಲಿ ಇಡಬಹುದು, ಫೈಲಾಗಿ ಉಳಿಸಬಹುದು, ಪ್ರಿಂಟ್ ತೆಗೆಯಬಹುದು. "ಖಾತೇಲಿ ಇಡು ದೊಡ್ಡಮ್ಮ" ಅಂದ ಮಗ ಫೋನಿನಲ್ಲಿ. ನನಗೆ ಹಟ. ಬೀಗ ಹಾಕಿ ಬೀಗದ ಕೈ ಅಮೆರಿಕಕ್ಕೆ ಕಳಿಸುವುದಾ? ಎರಡು ಪ್ರಿಂಟ್ ತೆಗೆದೆ. ಒಂದು ಮಡಿಕೇರಿಯ ಬ್ಯಾಂಕ್ ಲಾಕರಿಗೆ, ಇನ್ನೊಂದು ಬೀರುವಿನ ಪಹಣಿ ಕಟ್ಟಿನೊಳಗೆ. ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿದೆ. ಆಮೇಲೆ ಉತ್ಸಾಹ ಹೆಚ್ಚಾಗಿ ಆ ಪೆನ್‌ಡ್ರೈವ್‌ಗೂ ಬಿಟ್‌ಲಾಕರ್ ಹಾಕಿ, ಅದರ ಪಾಸ್‌ವರ್ಡನ್ನು ಲ್ಯಾಪ್‌ಟಾಪ್‌ನಲ್ಲಿ ಬರೆದಿಟ್ಟೆ. ಓದುತ್ತಿರುವ ನಿಮಗೆ ಈಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲು ಜುಲೈ ಬರಬೇಕಾಯಿತು.

ಅದಕ್ಕೆ ಮೊದಲು ಉಳಿದ ಸಣ್ಣಪುಟ್ಟದ್ದು ಹೇಳಿಬಿಡುತ್ತೇನೆ. ವಾಟ್ಸ್ಆ್ಯಪ್ ಮಾತುಕತೆ 2016ರಿಂದಲೇ ಎರಡು ತುದಿಯವರನ್ನು ಬಿಟ್ಟು ನಡುವೆ ಯಾರೂ ಓದಲಾಗದಂತೆ ಎನ್‌ಕ್ರಿಪ್ಟ್ ಆಗಿರುತ್ತದೆ. ಅತಿಥಿಗಳು ಆಧಾರ್ ಅದರಲ್ಲೇ ಕಳಿಸುತ್ತಾರೆ, ದಾರಿಯಲ್ಲಿ ಭದ್ರ. ಆದರೆ ಬಂದು ಇಳಿದ ಮೇಲೆ ಅದು ಫೋನಿನ ಗ್ಯಾಲರಿಯಲ್ಲಿ ಕೂರುತ್ತದೆ. ನಮ್ಮವರು ಒಮ್ಮೆ ಅತಿಥಿಗಳಿಗೆ ತಮ್ಮ ಭಾವನ ಮಗಳ ಮದುವೆ ಫೋಟೋ ತೋರಿಸುತ್ತಿದ್ದಾಗ ಮಂಟಪಕ್ಕೂ ಊಟದ ಪಂಕ್ತಿಗೂ ನಡುವೆ ಯಾರದೋ ಆಧಾರ್ ಕಾರ್ಡ್ ಬಂತು. ಸದ್ಯ, ಅದು ಆ ಅತಿಥಿಗಳದ್ದೇ. ಈಗ ಬಂದ ಫೋಟೋಗಳು ಗ್ಯಾಲರಿಗೆ ಹೋಗದಂತೆ ಸೆಟ್ಟಿಂಗ್ಸ್‌ನಲ್ಲಿ ತೆಗೆದಿದ್ದೇವೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕಳಿಸಿ ಎಂದು ಬುಕಿಂಗ್ ಹೊತ್ತಿಗೇ ಹೇಳುತ್ತೇವೆ. ಫೋನು ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಈಚಿನ ಆಂಡ್ರಾಯ್ಡ್ ಆಗಲಿ ಐಫೋನ್ ಆಗಲಿ. ಆದರೆ ಪರದೆಗೆ ಲಾಕೇ ಹಾಕದಿದ್ದರೆ ಅದರಿಂದ ಏನೂ ಉಪಯೋಗವಿಲ್ಲ. ಇವರ ಫೋನಿಗೆ ಲಾಕ್ ಹಾಕಿಸಲು ನಾನು ಪಟ್ಟ ಪಾಡು ಬೇರೆ ಕತೆ.

ಆಡಿಟರಿಗೆ ಲೆಕ್ಕ ಕಳಿಸುವುದು ಈಗ ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟುವ 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ. ಅದರಲ್ಲಿ 'ಫೈಲ್ ಹೆಸರನ್ನೂ ಎನ್‌ಕ್ರಿಪ್ಟ್ ಮಾಡು' ಎಂಬ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಒಳಗಿನದ್ದು ತೆರೆಯದಿದ್ದರೂ 'ಕೆಲಸಗಾರರ ಬ್ಯಾಂಕ್ ವಿವರ' ಎಂಬ ಹೆಸರು ಎಲ್ಲರಿಗೂ ಕಾಣುತ್ತದೆ. ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆಯುವುದಿಲ್ಲ, ಫೋನಿನಲ್ಲಿ ಹೇಳುತ್ತೇನೆ. ಮೊದಲ ಸಲ ಅವರು "ಮೇಡಂ, ನಿಮ್ಮ ಫೈಲ್ ಕೆಟ್ಟು ಹೋಗಿದೆ" ಅಂದಿದ್ದರು. ಕೆಟ್ಟಿರಲಿಲ್ಲ, ಅವರಲ್ಲಿ 7-ಜಿಪ್ ಇರಲಿಲ್ಲ.

ಬ್ರೌಸರಿನ ಬೀಗದ ಚಿತ್ರ ನೋಡಿ ವೆಬ್‌ಸೈಟ್ ನಂಬಬೇಡಿ. ದಾರಿಯಲ್ಲಿ ಯಾರೂ ಕದಿಯುತ್ತಿಲ್ಲ ಎಂದಷ್ಟೇ ಅದರ ಅರ್ಥ. ಆ ತುದಿಯಲ್ಲಿ ಕೂತವನೇ ಕಳ್ಳನಾದರೆ? ಮೋಸದ ಸೈಟುಗಳಿಗೂ ಆ ಬೀಗ ಸುಲಭವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ವಿಳಾಸದ ಪಕ್ಕದ ಬೀಗವನ್ನು ತೆಗೆದುಹಾಕಿತು.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿಗೆ ತಕ್ಕ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ನಮ್ಮ ತೋಟ, ಮನೆ, ಜೀಪು, ನಾಯಿ ಎಲ್ಲ ಮಾರಿದರೂ ಆ ಮೊತ್ತದ ಹತ್ತಿರ ಸುಳಿಯಲಾಗದು, ನಮ್ಮಂಥ ಸಣ್ಣವರಿಗೆ ಅಷ್ಟು ಹಾಕುವುದೂ ಇಲ್ಲ ಅನ್ನಿ. ಆದರೂ ಅದನ್ನು ಓದಿದ ದಿನ ನಾನು ಮಾಡಿದ ಕೆಲಸ ಬೀಗ ಹಾಕುವುದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ: ಇನ್ನು ಬೇಕಿಲ್ಲದ ಹಳೆಯ ಅತಿಥಿಗಳ ಆಧಾರ್ ಪ್ರತಿಗಳನ್ನು ಅಳಿಸಿದೆ. ಜರ್ಮನಿಯ ಅಜ್ಜನೂ ಹೋದರು.

ಇನ್ನು ಜುಲೈ. ಮೂರು ದಿನದಿಂದ ಬಿಡದ ಮಳೆ. ರಾತ್ರಿ ಲ್ಯಾಪ್‌ಟಾಪ್ ಯಾವುದೋ ಅಪ್‌ಡೇಟ್ ಕೇಳಿತು, ಆಗಲಿ ಎಂದು ಒತ್ತಿ ಮಲಗಿದೆ. ಯಂತ್ರದ ಬುಡದ ಸಾಫ್ಟ್‌ವೇರ್, ಬಯೋಸ್ ಅಂತಾರಲ್ಲ, ಅದರ ಅಪ್‌ಡೇಟ್. ಬೆಳಿಗ್ಗೆ ನೋಡಿದರೆ ನೀಲಿ ಪರದೆ: ರಿಕವರಿ ಕೀಲಿ ಹೊಡೆಯಿರಿ. ಯಂತ್ರ ಮೊದಲಿನಂತಿಲ್ಲ ಅನ್ನಿಸಿ ಚಿಪ್ ಕೀಲಿ ಕೊಡಲು ಒಪ್ಪಿರಲಿಲ್ಲ. ಅದರ ಕೆಲಸ ಅದು ಮಾಡಿದೆ, ತಪ್ಪೇನಿಲ್ಲ. ಅಪ್‌ಡೇಟಿಗೆ ಮುಂಚೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಒಂದು ಬಟನ್ ಇದೆ, ನಾನು ಬಳಸಿರಲಿಲ್ಲ.

ಮಾರನೇ ದಿನ ಶನಿವಾರ, ಬಟವಾಡೆ. ಹಾಜರಿ, ಮುಂಗಡ ಎಲ್ಲ ಲೆಕ್ಕ ಒಳಗೆ. ಮಡಿಕೇರಿ ರಸ್ತೆಗೆ ಮರ ಬಿದ್ದು ಮಣ್ಣು ಕುಸಿದಿತ್ತು, ಲಾಕರಿನ ಆಸೆ ಬಿಟ್ಟೆ. ಪೆನ್‌ಡ್ರೈವ್ ಕೈಗೆತ್ತಿಕೊಂಡು ಅದರ ಪಾಸ್‌ವರ್ಡ್ ಎಲ್ಲಿದೆ ಎಂದು ನೆನಪಾದಾಗ ನಗು ಬಂತು. ಒಬ್ಬಳೇ ಜೋರಾಗಿ ನಕ್ಕೆ. ಉಳಿದದ್ದು ಬೀರುವಿನ ಪ್ರಿಂಟ್.

ಕೊಡಗಿನ ಮಳೆಗಾಲದಲ್ಲಿ ಬೀರುವಿನೊಳಗೆ ಏನಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ದೇವರ ಫೋಟೋದ ಹಿಂದೆ ಬೂಸ್ಟು. ಕಾಗದ ಹಾಳಾಗದಿರಲಿ ಎಂದು ಪ್ಲಾಸ್ಟಿಕ್ ಕವರಿಗೆ ಹಾಕಿದ್ದೆ, ತೇವ ಒಳಗೇ ನಿಂತು ಇಂಕ್‌ಜೆಟ್ ಶಾಯಿ ಹರಡಿತ್ತು. ಐದು ಗುಂಪು ಚೆನ್ನಾಗಿ ಕಾಣುತ್ತಿದ್ದವು. ಎರಡು ಗುಂಪಿನಲ್ಲಿ ಒಂದೊಂದು ಅಂಕಿ ನೀಲಿ ಮಚ್ಚೆ. ಇನ್ನೊಂದರಲ್ಲಿ ಎರಡು.

ಮನೆಯೊಳಗೆ ಸಿಗ್ನಲ್ ಇಲ್ಲ. ಕೊಡೆ ಹಿಡಿದು ಕಣದ ಮೂಲೆಗೆ ಹೋಗಿ ಬೆಂಗಳೂರಿಗೆ ಫೋನ್ ಹಚ್ಚಿದೆ. "ದೊಡ್ಡಮ್ಮ, ಗುಂಪಿನ ಆರು ಅಂಕಿಯನ್ನ ಒಂದೇ ಸಂಖ್ಯೆ ಅಂತ ಓದು. ಪ್ರತಿ ಗುಂಪೂ 11ರಿಂದ ಭಾಗ ಆಗ್ಲೇಬೇಕು. ತಪ್ಪು ಗೊತ್ತಾಗ್ಲಿ ಅಂತಲೇ ಹಾಗೆ ಮಾಡಿದ್ದಾರೆ" ಅಂದ. ನನಗೆ ಏಳನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ಎದುರಿಗೆ ಬಂದು ನಿಂತರು. ಒಂದು ಬಿಟ್ಟು ಒಂದು ಅಂಕಿ ಕೂಡು, ಉಳಿದವನ್ನು ಕೂಡು, ಎರಡರ ವ್ಯತ್ಯಾಸ ಸೊನ್ನೆ ಅಥವಾ 11 ಬಂದರೆ 11ರಿಂದ ಭಾಗವಾಗುತ್ತದೆ.

ಅಡುಗೆಮನೆಯ ಮೇಜಿನ ಮೇಲೆ ಪೆನ್ಸಿಲ್ ಹಿಡಿದು ಕೂತೆ. ನಿಜವಾದ ಅಂಕಿ ಹೇಳುವುದಿಲ್ಲ, ಇಂಥದ್ದು ಎಂದುಕೊಳ್ಳಿ: 4, 1, ಮಚ್ಚೆ, 7, 0, 8. ಒಂದು, ಮೂರು, ಐದನೇ ಜಾಗ: 4, ಮಚ್ಚೆ, 0. ಎರಡು, ನಾಲ್ಕು, ಆರು: 1, 7, 8, ಒಟ್ಟು 16. ವ್ಯತ್ಯಾಸ 11 ಆಗಬೇಕಾದರೆ ಆ ಕಡೆ 5 ಬರಬೇಕು, ಹಾಗಾದರೆ ಮಚ್ಚೆಯಲ್ಲಿರುವುದು 1. ಹತ್ತು ಅಂಕಿಯಲ್ಲಿ ಅದೊಂದೇ ಕೂರುತ್ತದೆ. ಮಚ್ಚೆಯನ್ನು ದೀಪದ ಎದುರು ಹಿಡಿದು ನೋಡಿದರೆ 1 ಇರಬಹುದು, 7 ಇರಬಹುದು ಅನ್ನುವ ಹಾಗೆ ಕಾಣುತ್ತಿತ್ತು. ಲೆಕ್ಕ 1 ಅಂದಿತು. ಎರಡನೇ ಗುಂಪೂ ಹಾಗೇ ಬಗೆಹರಿಯಿತು. ಎರಡು ಮಚ್ಚೆ ಇದ್ದ ಗುಂಪಿಗೆ ಒಂಬತ್ತು ಉತ್ತರ ಬಂದವು. ಮಾವ ಕನ್ನಡಕ ಹಾಕಿಕೊಂಡು ಪಕ್ಕ ಕೂತು ಅಂಕಿ ಓದುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ನಾಲ್ಕನೇ ಸಲಕ್ಕೆ ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಕೋಟೆಬೆಟ್ಟದ ಚಿತ್ರ ಬಂತು.

"ಇಷ್ಟೇನಾ?" ಅಂದರು ಮಾವ.

ಬಟವಾಡೆ ಆಯಿತು. ತೋಟದ ಲೆಕ್ಕ ಬರೆಯುವ ರೈಟರಿಗೆ ಇದ್ಯಾವುದೂ ಗೊತ್ತಿಲ್ಲ, "ಅಕ್ಕ, ಇವತ್ತು ಲೆಕ್ಕ ಕೊಡೋದು ತಡ ಆಯ್ತಲ್ಲ" ಅಂತ ಗೊಣಗಿದ.

ಮಳೆ ಇಳಿದ ಮೇಲೆ ಕೀಲಿಗಳ ಜಾಗ ಬದಲಾಯಿಸಿದೆ. ಮೈಕ್ರೋಸಾಫ್ಟ್ ಖಾತೆಯಲ್ಲೂ ಒಂದು ಪ್ರತಿ ಇಟ್ಟೆ, ಹಟ ಬಿಟ್ಟು. ಕೋರ್ಟಿನ ಆದೇಶ ತಂದವರಿಗೆ ಅವರು ಅದನ್ನು ಕೊಡಬೇಕಾಗಬಹುದು, ಅದು ಬೇಡವೇ ಬೇಡ ಅನ್ನುವ ವ್ಯವಹಾರದವರು ಬೇರೆ ದಾರಿ ನೋಡಲಿ. ನನ್ನ ಭಯ ಇರುವುದು ಬಸ್ಸಿನಲ್ಲಿ ಬ್ಯಾಗ್ ಎತ್ತುವವನದ್ದು, ರಿಪೇರಿ ಅಂಗಡಿಯದ್ದು, ಗುಡ್ಡದ್ದು. ಉಳಿದ ಎರಡು ಪ್ರತಿಯನ್ನು ಪೆನ್ಸಿಲಿನಲ್ಲಿ ಕೈಯಾರೆ ಬರೆದೆ, ಪೆನ್ಸಿಲ್ ತೇವಕ್ಕೆ ಹರಡುವುದಿಲ್ಲ. ಒಂದು ಲಾಕರಿನಲ್ಲಿ. ಇನ್ನೊಂದು ಶನಿವಾರಸಂತೆಯ ತವರಿನಲ್ಲಿ, ಗುಡ್ಡ ಜರಿದರೆ ಎರಡೂ ಕಡೆ ಒಟ್ಟಿಗೆ ಜರಿಯಲಾರದು ಎಂಬ ಲೆಕ್ಕದಲ್ಲಿ. ಅಮ್ಮ ಅದನ್ನು ರೇಷನ್ ಕಾರ್ಡ್ ಇರುವ ಬಿಸ್ಕತ್ ಡಬ್ಬಿಗೆ ಹಾಕಿದರು. ಹೊರಗಿನ ಹಾರ್ಡ್ ಡಿಸ್ಕಿಗೂ ಬಿಟ್‌ಲಾಕರ್ ಹಾಕಿದ್ದೇನೆ, ನಕಲು ಮುಗಿದ ಕೂಡಲೇ ಕಿತ್ತಿಡುತ್ತೇನೆ. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೆ, ನಾವು ಮೊದಲೇ ಹಾಕಿದ ಬೀಗ ಅದನ್ನು ತಡೆಯುವುದಿಲ್ಲ. ನಾವು ತೆರೆದು ಕೆಲಸ ಮಾಡುತ್ತಿರುವಾಗಲೇ ಅದು ಒಳಗಿರುತ್ತದೆ, ನಮ್ಮ ಬೀಗದ ಮೇಲೆ ತನ್ನದೊಂದು ಜಡಿಯುತ್ತದೆ. ಆಗ ಕೈಹಿಡಿಯುವುದು ಕಿತ್ತಿಟ್ಟ ನಕಲು ಮಾತ್ರ.

ನಮ್ಮವರಿಗೆ ಎಲ್ಲ ಕಲಿಸಿದೆ. ನಾನಿಲ್ಲದಾಗ ಬೇಕಾದರೆ ಅಂತ. "ಎಲ್ಲಿಗೆ ಹೋಗ್ತೀಯ?" ಅಂದರು. ಒಂದೇ ಬೆರಳಿನಲ್ಲಿ 48 ಅಂಕಿ ಹೊಡೆಯಲು ಅವರಿಗೆ ಏಳು ನಿಮಿಷ ಬೇಕು, ಅಳೆದಿದ್ದೇನೆ.

ವರ್ಷಕ್ಕೊಮ್ಮೆ ಇದೆಲ್ಲ ಸರಿ ಇದೆಯಾ ಎಂದು ನೋಡಲು ದಿನ ಬೇಕಿತ್ತು, ಇಲ್ಲವಾದರೆ ಮರೆಯುತ್ತೇನೆ. ಸೆಪ್ಟೆಂಬರಿನ ಕೈಲ್ ಮುಹೂರ್ತ ಗೊತ್ತು ಮಾಡಿಕೊಂಡೆ. ಕೋವಿ, ಕತ್ತಿ ತೊಳೆದು ಎಣ್ಣೆ ಹಚ್ಚಿ ಪೂಜೆಗಿಡುವ ಹಬ್ಬ. ಹಿಂದಿನ ಸಂಜೆ ನಕಲು ಡಿಸ್ಕ್ ತೆರೆದು ನಾಲ್ಕಾರು ಫೈಲು ನೋಡಿದೆ, ಬೇಕಿಲ್ಲದ ಆಧಾರ್ ಅಳಿಸಿದೆ, ಅಮ್ಮನಿಗೆ ಫೋನ್ ಮಾಡಿ ಡಬ್ಬಿಯ ಚೀಟಿ ಓದಿಸಿದೆ. ಅಮ್ಮ ಅಂಕಿ ಓದುತ್ತಾ ನಡುವೆ ರೇಷನ್ ಕಾರ್ಡಿನ ನಂಬರನ್ನೂ ಸೇರಿಸಿದರು, ಮತ್ತೆ ಮೊದಲಿನಿಂದ ಶುರು. ಬೆಳಿಗ್ಗೆ ಪೂಜೆಗೆ ಬಂದು ನೋಡಿದರೆ ಕೋವಿಯ ಪಕ್ಕ ಮಾವ ಲ್ಯಾಪ್‌ಟಾಪ್ ಇಟ್ಟು ಗಂಧ ಹಚ್ಚಿದ್ದರು. ಚಾರ್ಜರಿನ ತೂತಿಗೆ ಒಂದು ತೋಕ್ ಪೂ ಸಿಕ್ಕಿಸಿದ್ದರು. ಹೂವಿನ ತೊಟ್ಟು ಒಳಗೇ ಮುರಿದು ಉಳಿದು, ಮತ್ತೆ ಅದೇ ಅಂಗಡಿಗೆ ಹೋಗಬೇಕಾಯಿತು.

ಹುಡುಗ ಡಿಸ್ಕ್ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದ. "ಬೇಕಾದರೆ ಬಿಚ್ಚಿ ನೋಡು" ಅಂದೆ.